ಫ್ಯಾಮಿಕಾಮ್‌ಗೆ ಇನ್ನೂ ಮೂರು ದನಿಗಳು

1983ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ನಿಂಟೆಂಡೊ ಫ್ಯಾಮಿಕಾಮ್ ಎಂಬ ವಿಡಿಯೊ ಗೇಮ್ ಯಂತ್ರದ ಕಾರ್ಟ್ರಿಜ್‌ಗೆ, ಅಂದರೆ ಆಟವನ್ನು ತುಂಬಿ ಯಂತ್ರಕ್ಕೆ ಸಿಕ್ಕಿಸುವ ಡಬ್ಬಿಗೆ, 60 ಪಿನ್‌ಗಳಿವೆ. ಯಂತ್ರದ ಐದು ದನಿಗಳೂ ಬೆರೆತು 45ನೆಯ ಪಿನ್ನಿನಿಂದ ಕಾರ್ಟ್ರಿಜ್‌ನೊಳಗೆ ಬಂದು, 46ನೆಯ ಪಿನ್ನಿನ ಮೂಲಕ ಹಿಂದಿರುಗಿ ಟಿವಿಯನ್ನು ಸೇರುತ್ತವೆ. ಸಾಮಾನ್ಯ ಕಾರ್ಟ್ರಿಜ್‌ನಲ್ಲಿ ಇವೆರಡನ್ನೂ ಒಂದು ತಾಮ್ರದ ಗೆರೆ ಜೋಡಿಸಿರುತ್ತದೆ, ಅಷ್ಟೆ. ಆದರೆ ಆಟ ತಯಾರಿಸುವವರು ಬಯಸಿದರೆ ಆ ಗೆರೆಯ ಜಾಗದಲ್ಲಿ ತಮ್ಮದೇ ಚಿಪ್ಪಿನ ದನಿಯನ್ನು ಬೆರೆಸಬಹುದಿತ್ತು. ಇದೇ ಯಂತ್ರದ ಅಮೆರಿಕದ ರೂಪವಾದ ಎನ್‌ಇಎಸ್‌ನ ಕಾರ್ಟ್ರಿಜ್‌ನಲ್ಲಿ ಈ ದಾರಿಯನ್ನೇ ತೆಗೆದುಹಾಕಿದ್ದು ನನ್ನ ಮಟ್ಟಿಗೆ ದೊಡ್ಡ ನಷ್ಟ.

ಸನ್‌ಸಾಫ್ಟ್ 1992ರಲ್ಲಿ ಹೊರತಂದ ‘ಗಿಮಿಕ್!’ ಆಟದಲ್ಲಿ 5ಬಿ ಎಂಬ ಚಿಪ್ ಇತ್ತು. ಅದರೊಳಗಿನ ಧ್ವನಿಭಾಗವು ಯಮಾಹಾದ ವೈಎಂ2149 ಎಂಬ ಧ್ವನಿ ಚಿಪ್ಪಿನಂತೆಯೇ ಮೂರು ಚೌಕ ತರಂಗಗಳನ್ನು ನುಡಿಸುತ್ತದೆ. ಅಂಥ ದನಿ ಕೊಡುವ ಕಾರ್ಟ್ರಿಜ್ ಒಂದನ್ನು ಮನೆಯಲ್ಲಿ ಕಟ್ಟಲು ನಾನು ಬಳಸಿದ್ದು ಒಂದು ಹಳೆಯ ವೈಎಂ2149, ಪರೀಕ್ಷಾ ಪ್ರೋಗ್ರಾಮ್ ತುಂಬಿದ ಒಂದು ಇಪ್ರಾಮ್ (ನೆನಪಿನ ಚಿಪ್), ಎಸ್‌.ಪಿ. ರಸ್ತೆಯಲ್ಲಿ ಕೊಂಡ ಕೆಲವು ಲಾಜಿಕ್ ಐಸಿಗಳು ಮತ್ತು ಒಂದು ಝೀರೋ ಪಿಸಿಬಿ (ಬಿಡಿಭಾಗಗಳನ್ನು ಬೆಸೆಯಲು ತೂತುಗಳಿರುವ ಹಲಗೆ).

ಮೊದಲ ಸಲ ಸ್ವಿಚ್ ಹಾಕಿದಾಗ ಪರದೆ ಬೂದುಬಣ್ಣಕ್ಕೆ ತಿರುಗಿ ಹಾಗೆಯೇ ನಿಂತಿತು. ಚಿಪ್ಪನ್ನು ನುಡಿಸಲು ಪ್ರೊಸೆಸರ್ ಸಿ000 ವಿಳಾಸಕ್ಕೆ ರಿಜಿಸ್ಟರ್‌ನ (ಚಿಪ್ಪಿನೊಳಗಿನ ಪುಟ್ಟ ನೆನಪಿನ ಖಾನೆಯ) ಸಂಖ್ಯೆಯನ್ನೂ ಇ000 ವಿಳಾಸಕ್ಕೆ ಅದರ ಮೌಲ್ಯವನ್ನೂ ಬರೆಯಬೇಕು. ಇವೆರಡನ್ನು ಬೇರ್ಪಡಿಸುವುದು ಎ13 ಎಂಬ ಒಂದೇ ವಿಳಾಸ ತಂತಿ. ಹಾಗಾಗಿ ಎ13ನ್ನು ತಿರುವುಮುರುವು ಮಾಡಿ (ಶೂನ್ಯವನ್ನು ಒಂದಾಗಿಸಿ, ಒಂದನ್ನು ಶೂನ್ಯವಾಗಿಸಿ) ನೇರವಾಗಿ ಚಿಪ್ಪಿನ ಬಿಸಿ1 ಪಿನ್ನಿಗೆ ಕೊಟ್ಟಿದ್ದೆ. ಬರೆಯುವಾಗ ಒಂದಾಗಬೇಕಾದ ಬಿಡಿಐಆರ್ ಪಿನ್ ಶೂನ್ಯವಾಗಿದ್ದು ಬಿಸಿ1 ಮಾತ್ರ ಒಂದಾಗಿದ್ದರೆ ಅದು ‘ಓದು’ ಎಂಬ ಆಜ್ಞೆಯಾಗುತ್ತದೆ ಎಂಬುದು ಎರಡು ಸಂಜೆ ತರಂಗ ತೋರಿಸುವ ಆಸಿಲೋಸ್ಕೋಪ್ ಮುಂದೆ ಕುಳಿತ ಮೇಲಷ್ಟೇ ಹೊಳೆಯಿತು. ಎ13 ಶೂನ್ಯವಾಗಿದ್ದಾಗಲೆಲ್ಲ, ಅಂದರೆ ಪ್ರೊಸೆಸರ್ ತನ್ನದೇ ರ್‍ಯಾಮ್ ಓದುವಾಗಲೂ, ನನ್ನ ಚಿಪ್ ಡೇಟಾ ತಂತಿಗಳ ಮೇಲೆ ತನ್ನ ಉತ್ತರವನ್ನು ಹೇರುತ್ತಿತ್ತು. ಉಳಿದಿದ್ದ ಒಂದು ಆ್ಯಂಡ್ ಗೇಟ್ ಬಳಸಿ, ಬಿಡಿಐಆರ್ ಒಂದಾಗಿರುವಾಗ ಮಾತ್ರ ಬಿಸಿ1 ಒಂದಾಗುವಂತೆ ಮಾಡಿದೊಡನೆ ಪ್ರೋಗ್ರಾಮ್ ಓಡಿತು.

ದನಿಯೂ ಬಂತು, ಆದರೆ ಒಂದು ಸಪ್ತಕ ಮೇಲೆ. ಕಾರ್ಟ್ರಿಜ್‌ಗೆ ಸಿಗುವ 1.79 ಮೆಗಾಹರ್ಟ್ಸ್ ಗಡಿಯಾರವನ್ನು (ಕ್ಲಾಕ್ ಸಂಕೇತವನ್ನು) 32ರಿಂದಲೂ ಆಮೇಲೆ ರಿಜಿಸ್ಟರ್‌ನಲ್ಲಿ ಬರೆದ 127ರಿಂದಲೂ ಭಾಗಿಸಿದರೆ 440.4 ಹರ್ಟ್ಸ್ ಬರಬೇಕಿತ್ತು. ಸ್ಕೋಪ್ 880ರ ಆಸುಪಾಸು ತೋರಿಸುತ್ತಿತ್ತು. ವೈಎಂ2149ರ 26ನೆಯ ಪಿನ್ನನ್ನು ನೆಲಕ್ಕೆ (ಗ್ರೌಂಡ್‌ಗೆ) ಜೋಡಿಸಿದರೆ ಗಡಿಯಾರ ಅರ್ಧಕ್ಕಿಳಿಯುತ್ತದೆ. ನಾನು ಅದನ್ನು ಹಾಗೆಯೇ ಬಿಟ್ಟಿದ್ದೆ.

ಫ್ಯಾಮಿಕಾಮ್‌ನ ಮತ್ತು ನನ್ನ ಚಿಪ್ಪಿನ ದನಿಗಳೆರಡನ್ನೂ ಹದವಾಗಿ ಬೆರೆಸುವ ಕೆಲಸ ಇವೆಲ್ಲಕ್ಕಿಂತ ಕಷ್ಟದ್ದು. ಗರಿಷ್ಠ ಮಟ್ಟದಲ್ಲಿ ಎರಡೂ ಸಮನಾಗುವಂತೆ 10 ಕಿಲೋಓಮ್ ಪ್ರೀಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ತಿರುಗಿಸಿದೆ. ಆದರೂ ಮೆಲ್ಲಗಿನ ಸ್ವರಗಳಲ್ಲಿ ನನ್ನ ಚಿಪ್ ಕೇಳಿಸದೇ ಹೋಗುತ್ತಿತ್ತು. ಫ್ಯಾಮಿಕಾಮ್‌ನ ಚೌಕ ತರಂಗದ ಮಟ್ಟ 15ರಿಂದ 8ಕ್ಕೆ ಇಳಿದಾಗ ದನಿ ಸುಮಾರು ಅರ್ಧವಾಗುತ್ತದೆ. ಯಮಾಹಾದ ಚಿಪ್ ಪ್ರತಿ ಮೆಟ್ಟಿಲಿಗೆ 3 ಡೆಸಿಬಲ್‌ನಂತೆ ಇಳಿಯುವುದರಿಂದ, ಅಷ್ಟೇ ಇಳಿತಕ್ಕೆ ಅದರ ವೋಲ್ಟೇಜ್ ಸುಮಾರು ಹನ್ನೊಂದನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ಯಾವ ಪ್ರೀಸೆಟ್ ಕೂಡ ಇದನ್ನು ಸರಿಪಡಿಸಲಾರದು. ಆದ್ದರಿಂದ ಈಗ ಪರೀಕ್ಷಾ ಪ್ರೋಗ್ರಾಮ್‌ನಲ್ಲೇ ಹದಿನಾರು ಸಾಲುಗಳ ಒಂದು ಕೋಷ್ಟಕವನ್ನು ಸೇರಿಸಿ, ಸ್ಕೋಪ್‌ನಲ್ಲಿ ಅಳೆದ ವೋಲ್ಟೇಜ್‌ಗೆ ತಕ್ಕಂತೆ ಒಂದೊಂದು ಮಟ್ಟವನ್ನೂ ಹೊಂದಿಸುತ್ತಿದ್ದೇನೆ. ಒಂಬತ್ತು ಸಾಲುಗಳು ಮುಗಿದಿವೆ.