ಬರ್ಲಿನ್ ನೋಡಲು ಹೊರಟ ಕ್ವಿಯರ್ ಗೆಳೆಯರಿಗೆ

ಬರ್ಲಿನ್ ಎಂದ ಕೂಡಲೇ ಎಲ್ಲರೂ ಕ್ಲಬ್ಬುಗಳ ಬಗ್ಗೆಯೇ ಕೇಳುತ್ತಾರೆ. ಕ್ಲಬ್ಬು ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲ ದಿನವನ್ನು ಕ್ವಿಯರ್ ಜನರ ಹಳೆಯ ಬಡಾವಣೆ ಶೋನೆಬರ್ಗ್‌ಗೆ ಕೊಡಿ, ಅದೂ ಹಗಲು ಹೊತ್ತಿನಲ್ಲಿ, ನಡೆದುಕೊಂಡು.

ನೊಲೆಂಡಾರ್ಫ್‌ಪ್ಲಾಟ್ಸ್ ನಿಲ್ದಾಣಕ್ಕೆ ಯು1, ಯು2, ಯು3, ಯು4 ನಾಲ್ಕೂ ಮೆಟ್ರೋಗಳು ಬರುತ್ತವೆ. ಹೊರಗೆ ಬಂದು ದಕ್ಷಿಣದ ಗೋಡೆ ನೋಡಿ. ಅಲ್ಲಿ ಗುಲಾಬಿ ಬಣ್ಣದ ತ್ರಿಕೋನಾಕಾರದ ಕಲ್ಲೊಂದಿದೆ. ನಾಜಿ ಶಿಬಿರಗಳಲ್ಲಿ ಸಲಿಂಗಿ ಗಂಡಸರ ಬಟ್ಟೆಗೆ ಹೊಲಿಯುತ್ತಿದ್ದ ಗುರುತು ಅದು. ಜನ ಗಮನಿಸದೇ ದಾಟಿಹೋಗುತ್ತಾರೆ, ನೀವು ನಿಂತು ನೋಡಿ. ಅಲ್ಲಿಂದ ಮೋಟ್ಸ್‌ಸ್ಟ್ರಾಸೆ ಹಿಡಿದರೆ 1978ರಿಂದ ನಡೆಯುತ್ತಿರುವ ಪ್ರಿನ್ಸ್ ಐಸನ್‌ಹೆರ್ಟ್ಸ್ ಎಂಬ ಕ್ವಿಯರ್ ಪುಸ್ತಕದಂಗಡಿ ಸಿಗುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಕ್ವಿಯರ್ ಇತಿಹಾಸದ ಶ್ವೂಲೆಸ್ ಮ್ಯೂಸಿಯಂಗೆ ಮಂಗಳವಾರ ರಜೆ. ದಿನ ನೋಡಿಕೊಂಡು ಹೊರಡಿ.

ಮುಂದೆ ಯು2 ಹಿಡಿದು ಪಾಟ್ಸ್‌ಡಾಮರ್‌ಪ್ಲಾಟ್ಸ್‌ನಲ್ಲಿ ಇಳಿದು, ಎಬರ್ಟ್‌ಸ್ಟ್ರಾಸೆಯ ಗುಂಟ ಟಿಯರ್‌ಗಾರ್ಟನ್ ಅಂಚಿಗೆ ನಡೆಯಿರಿ. ಅಲ್ಲೊಂದು ದೊಡ್ಡ ಕಾಂಕ್ರೀಟ್ ದಿಮ್ಮಿ, ಅದರಲ್ಲೊಂದು ಪುಟ್ಟ ಕಿಟಕಿ. ಕಣ್ಣಿಟ್ಟು ನೋಡಿದರೆ ಒಳಗೆ ಮುತ್ತಿಡುವ ಜೋಡಿಯ ಚಿತ್ರ ಓಡುತ್ತಿರುತ್ತದೆ. ನಾಜಿಗಳ ಕೈಯಲ್ಲಿ ನರಳಿದ ಸಲಿಂಗಿಗಳ ಈ ಸ್ಮಾರಕ ಎದ್ದದ್ದು 2008ರಲ್ಲಿ. ಅಷ್ಟು ತಡವಾದದ್ದಕ್ಕೆ ಕಾರಣವೂ ಇದೆ: ಗಂಡಸರ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ, 1935ರಲ್ಲಿ ನಾಜಿಗಳು ಬಿಗಿಗೊಳಿಸಿದ 175ನೇ ಕಲಮನ್ನು ಪಶ್ಚಿಮ ಜರ್ಮನಿ 1969ರವರೆಗೂ ಹಾಗೇ ಉಳಿಸಿಕೊಂಡಿತ್ತು. ಅದು ಪೂರ್ತಿ ರದ್ದಾದದ್ದು 1994ರಲ್ಲಿ. ಶಿಬಿರದಿಂದ ಬದುಕಿ ಬಂದವರು ಕಾನೂನಿನ ಕಣ್ಣಲ್ಲಿ ಆಮೇಲೂ ಅಪರಾಧಿಗಳೇ ಆಗಿದ್ದರು.

ಮೆಟ್ರೋದಲ್ಲಿ ಗೇಟುಗಳಿಲ್ಲ. ಹಾಗಾಗಿ ಹೊಸಬರು ಕಾಗದದ ಟಿಕೆಟ್ಟನ್ನು ಜೇಬಿಗಿಳಿಸಿ ಹತ್ತಿಬಿಡುತ್ತಾರೆ. ಪ್ಲಾಟ್‌ಫಾರ್ಮಿನ ಪುಟ್ಟ ಪೆಟ್ಟಿಗೆಗೆ ತುರುಕಿ ಮುದ್ರೆ ಒತ್ತಿಸದಿದ್ದರೆ ಟಿಕೆಟ್ ಇದ್ದರೂ 60 ಯೂರೋ ದಂಡ. ಊರೊಳಗೆ ಎಬಿ ವಲಯದ ಟಿಕೆಟ್ ಸಾಕು, ವಿಮಾನ ನಿಲ್ದಾಣಕ್ಕೆ ಎಬಿಸಿ ಬೇಕು.

ಕ್ಲಬ್ಬಿಗೆ ದೊಡ್ಡ ಗುಂಪು ಕಟ್ಟಿಕೊಂಡು ಹೋದರೆ ಬಾಗಿಲಲ್ಲೇ ವಾಪಸ್ ಕಳಿಸುವ ಸಾಧ್ಯತೆ ಹೆಚ್ಚು. ಹಲವೆಡೆ ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸುತ್ತಾರೆ. ಕೀಳಬೇಡಿ, ಒಳಗಿರುವ ಎಷ್ಟೋ ಜನ ಮನೆಯಲ್ಲಿ ಹೇಳಿಕೊಂಡಿರುವುದಿಲ್ಲ. ಕೈಯಲ್ಲಿ ನಗದು ಇರಲಿ.

ಟ್ರಾನ್ಸ್ ಗೆಳೆಯರೇ, ಹೋಟೆಲಿನಲ್ಲಿ ವಿದೇಶಿಯರು ಪಾಸ್‌ಪೋರ್ಟ್ ತೋರಿಸಬೇಕು. ಬುಕಿಂಗ್ ಅದೇ ಹೆಸರಿನಲ್ಲಿರಲಿ, ಕರೆಯಬೇಕಾದ ಹೆಸರನ್ನು ಮೊದಲೇ ಇಮೇಲ್ ಮಾಡಿ. ಹಾರ್ಮೋನು, ಪ್ರೆಪ್ (ಎಚ್‌ಐವಿ ತಗಲದಂತೆ ಮೊದಲೇ ತೆಗೆದುಕೊಳ್ಳುವ) ಮಾತ್ರೆಗಳನ್ನು ವೈದ್ಯರ ಚೀಟಿ ಸಮೇತ ಕೈಚೀಲದಲ್ಲೇ ಒಯ್ಯಿರಿ, ದೊಡ್ಡ ಬ್ಯಾಗು ಕಳೆದರೂ ಡೋಸ್ ತಪ್ಪುವುದಿಲ್ಲ. ಎಚ್‌ಐವಿ ತಗಲಿರಬಹುದು ಎನ್ನಿಸಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಪೆಪ್, ಅಂದರೆ ಸೋಂಕು ನೆಲೆಯೂರದಂತೆ ತಡೆಯುವ ಔಷಧಿ, ಕೇಳಿ. 72 ಗಂಟೆ ಕಡೆಯ ಗಡುವು, ಬೇಗ ಶುರುವಾದಷ್ಟೂ ಒಳ್ಳೆಯದು.

ಶೋನೆಬರ್ಗ್‌ನಲ್ಲಿ ಕೈ ಹಿಡಿದು ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ತಡರಾತ್ರಿಯ ರೈಲಿನಲ್ಲಿ ಸುತ್ತ ಗಮನವಿರಲಿ. ಯಾರಾದರೂ ಬೈದರೆ, ಹೊಡೆದರೆ ಪೊಲೀಸರ 110ಕ್ಕೆ ಕರೆ ಮಾಡಿ. ನೀವು ಕ್ವಿಯರ್ ಎಂಬ ಕಾರಣಕ್ಕೇ ನಡೆದದ್ದೆಂದು ದೂರಿನಲ್ಲಿ ಬರೆಸಿ. ಬರ್ಲಿನ್ ಪೊಲೀಸರಲ್ಲಿ ಇದಕ್ಕೆಂದೇ ಸಂಪರ್ಕಾಧಿಕಾರಿಗಳಿದ್ದಾರೆ, ಅವರನ್ನೇ ಕೇಳಿ.