ಒಂದೇ ಮನೆಯಲ್ಲಿ ಇಬ್ಬರು ಕ್ಯಾಪ್ಟನ್

ಜುಲೈ ಬಂತೆಂದರೆ ನನಗೆ ಫೋನು ಬರಲು ಶುರು. 26ಕ್ಕೆ ಕಾರ್ಗಿಲ್ ವಿಜಯ ದಿವಸ, ನಮ್ಮ ಶಾಲೆಗೆ ಬಂದು ಮಕ್ಕಳಿಗೆ ನಾಲ್ಕು ಮಾತು ಹೇಳಿ ಸರ್, ಅಂತ. ಹೋಗುತ್ತೇನೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಹೆಂಡತಿ ಜೊತೆಗೆ ಬಂದರೆ ಎದುರು ಸಾಲಿನಲ್ಲಿ ಒಂದು ಕುರ್ಚಿ, "ಮೇಡಂ ಇಲ್ಲಿ ಕೂತ್ಕೊಳ್ಳಿ". ಆ ಮೇಡಂ ಕೂಡ ಅದೇ ಯುದ್ಧದಲ್ಲಿ ಇದ್ದವಳು ಎಂದು ಯಾರಿಗೂ ಹೊಳೆಯುವುದಿಲ್ಲ. ನನ್ನನ್ನು ಕೇಳಿದರೆ ಯುದ್ಧ ಜಾಸ್ತಿ ನೋಡಿದವಳು ಅವಳೇ.

ನಾನು ಆರ್ಮಿ ಸರ್ವಿಸ್ ಕೋರ್‌ನವ. ಅಕ್ಕಿ, ಬೇಳೆ, ಸೀಮೆಎಣ್ಣೆ, ಮದ್ದುಗುಂಡು, ಇದನ್ನೆಲ್ಲ ಬೇಕಾದ ಜಾಗಕ್ಕೆ ಮುಟ್ಟಿಸುವ ಕೆಲಸ. "ಅಂಕಲ್, ಎಷ್ಟು ಜನರನ್ನು ಹೊಡೆದ್ರಿ?" ಎಂದು ಮಕ್ಕಳು ಕೇಳುತ್ತಾರೆ. ಬೊಫೋರ್ಸ್ ತೋಪಿನ ಒಂದು ಶೆಲ್ 40 ಕಿಲೋಗಿಂತ ಭಾರ, ಅದು ತನ್ನಷ್ಟಕ್ಕೆ ಬೆಟ್ಟ ಹತ್ತುವುದಿಲ್ಲ ಮಗಾ ಎಂದರೆ ಅವರಿಗೆ ಬೇಜಾರು.

1999ರ ಬೇಸಿಗೆಯಲ್ಲಿ ನಮ್ಮ ಕಾನ್ವಾಯ್ ಶ್ರೀನಗರದಿಂದ ಸೋನಾಮಾರ್ಗ್, ಅಲ್ಲಿಂದ ಜೋಜಿಲಾ ದಾಟಿ ದ್ರಾಸ್‌ಗೆ ಹೋಗುತ್ತಿತ್ತು. ಜೋಜಿಲಾ 11,500 ಅಡಿಯ ಮೇಲೆ. ದ್ರಾಸ್ ಹತ್ತಿರ ಬರುವಾಗ ಮೇಲೆ ತೋಲೋಲಿಂಗ್ ಬೆಟ್ಟ, ಅದರ ತುದಿಯಲ್ಲಿ ಶತ್ರು. ರಸ್ತೆ ಅವರಿಗೆ ಅಂಗೈಯ ಹಾಗೆ ಕಾಣುತ್ತಿತ್ತು. ಹಾಗಾಗಿ ರಾತ್ರಿ ಓಡಾಟ, ಹೆಡ್‌ಲೈಟ್ ಬಂದ್. ಎದುರಿನ ಲಾರಿಯ ಅಡಿಯಲ್ಲಿ ಬಳಿದ ಬಿಳಿ ಬಣ್ಣ, ಅದರ ಮೇಲೆ ಬೀಳುವ ಸಣ್ಣ ದೀಪ, ಅಷ್ಟೇ ಗುರುತು. ಜೂನ್ 13ಕ್ಕೆ ತೋಲೋಲಿಂಗ್ ನಮ್ಮ ಕೈಗೆ ಬಂತು. ಆಮೇಲೆ ಡ್ರೈವರುಗಳು ಸ್ವಲ್ಪ ಮಾತಾಡಲು ಶುರು ಮಾಡಿದರು.

ಅವಳು ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಕ್ಯಾಪ್ಟನ್, ಶ್ರೀನಗರದ 92 ಬೇಸ್ ಹಾಸ್ಪಿಟಲ್‌ನಲ್ಲಿ. ನಾನೂ ಆಗ ಕ್ಯಾಪ್ಟನ್. (ಮನೆಯಲ್ಲಿ ಯಾರು ಎಂದು ಕೇಳಬೇಡಿ.) ಹೆಲಿಕಾಪ್ಟರ್ ಸದ್ದು ಕೇಳಿದರೆ ಸ್ಟ್ರೆಚರ್ ಹಿಡಿದು ಓಡಬೇಕು. ಶೆಲ್ ಚೂರು ಹೊಕ್ಕವರು, ಗುಂಡು ತಾಗಿದವರು, ಹಿಮದಲ್ಲಿ ಬೆರಳು ಕಪ್ಪಾದವರು, ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿದವರು. ಯಾರು ಮೊದಲು ಥಿಯೇಟರಿಗೆ, ಯಾರು ಕಾಯಬಹುದು, ಇದನ್ನು ಅಲ್ಲೇ ನಿಂತು ಹೇಳಬೇಕು. ಯೂನಿಫಾರ್ಮ್ ಕತ್ತರಿಸುವ ಮೊದಲು ಹೆಗಲ ಮೇಲಿನ ಬಿಲ್ಲೆ ನೋಡುತ್ತಿದ್ದಳಂತೆ. ನನ್ನ ಕೋರ್‌ನದ್ದಾದರೆ ಆಮೇಲೆ ಮುಖ. ಇದನ್ನು ನನಗೆ ಹೇಳಿದ್ದು ಎಷ್ಟೋ ವರ್ಷದ ನಂತರ, ಅದೂ ಸುಮ್ನೆ ತರಕಾರಿ ಹೆಚ್ಚುವಾಗ.

ನಮ್ಮ ಕಡೆಯ ಹುಡುಗನೊಬ್ಬ ಬಂದಿದ್ದನಂತೆ. ಇವಳು ಗೊತ್ತಿಲ್ಲದೆ ತುಳುವಿನಲ್ಲಿ ಏನೋ ಗೊಣಗಿದ್ದು ಅವನ ಕಿವಿಗೆ ಬಿತ್ತು. "ಅಕ್ಕಾ, ನನ್ನ ಕಾಲು ಉಂಟಾ?" ಎಂದು ಕೇಳಿದ. ಎಡಗಾಲು ಉಂಟು, ಬಲಗಾಲಿನದ್ದು ಡಾಕ್ಟರು ನೋಡ್ತಾರೆ ಎಂದಳಂತೆ. ಸುಳ್ಳು ಹೇಳಿಲ್ಲ. ಆ ಹುಡುಗ ಮುಂದೆ ಏನಾದ ಎಂದು ಅವಳಿಗೆ ತಿಳಿಯಲಿಲ್ಲ. ವಿಮಾನದಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದ ಮೇಲೆ ಹೆಚ್ಚಿನವರ ಕತೆ ಹಾಗೇ. ಸರ್ಕಾರದ ಲೆಕ್ಕದಲ್ಲಿ ಆ ಯುದ್ಧದಲ್ಲಿ ಸತ್ತವರು 527. ಗಾಯಗೊಂಡವರು 1,363. ಶಾಲೆಯ ಭಾಷಣಗಳಲ್ಲಿ ಈ ಎರಡನೆಯ ಸಂಖ್ಯೆ ಬರುವುದು ಕಡಿಮೆ.

ಲೋಡಿಗೆಂದು ಕೆಳಗೆ ಇಳಿದಾಗ ಒಮ್ಮೆ ಆಸ್ಪತ್ರೆಗೆ ಹೋಗಿದ್ದೆ. ಮೈಯೆಲ್ಲ ಧೂಳು. ಬಾಗಿಲಲ್ಲೇ ನಿಲ್ಲಿಸಿ, "ತಲೆನೋವು ಉಂಟಾ? ಉಸಿರು ಕಟ್ತದಾ? ನಿದ್ದೆ?" ಎಂದು ತನಿಖೆ. ಆಮೇಲೆ, "ಊಟ ಆಯ್ತಾ ಮಾರಾಯ್ರೇ?" ಹೌದು ಎಂದೆ. ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು.

ಕಟಪಾಡಿಯ ಮನೆಗೆ ಇಬ್ಬರೂ ಕಾಗದ ಬರೆಯುತ್ತಿದ್ದೆವು. ಇಬ್ಬರ ವಿಳಾಸದಲ್ಲೂ 56 ಎಪಿಒ. ಅದು ಸೇನೆಯ ಅಂಚೆ ನಂಬರು. ಅಮ್ಮ ಅದನ್ನು ನಾವು ಒಂದೇ ಮನೆಯಲ್ಲಿ ಇದ್ದೇವೆ ಎಂದು ಅರ್ಥ ಮಾಡಿಕೊಂಡಿದ್ದರು. ನಾವೂ ತಿದ್ದಲು ಹೋಗಲಿಲ್ಲ.

ಈಗ ಇಬ್ಬರೂ ನಿವೃತ್ತರು. ನವೆಂಬರ್‌ನಲ್ಲಿ ಪಿಂಚಣಿಗೆ ಎರಡು ಜೀವಂತ ಪ್ರಮಾಣಪತ್ರ, ಮಿಲಿಟರಿ ಕ್ಯಾಂಟೀನಿಗೆ ಎರಡು ಕಾರ್ಡು. ರಮ್ಮಿನ ಕೋಟಾ ಎರಡು ಪಾಲು ಎಂದು ಗೊತ್ತಾದ ದಿನದಿಂದ ನೆಂಟರಿಗೆ ಅವಳ ಸೇವೆಯ ಮೇಲೂ ಭಾರಿ ಗೌರವ. ಹಿತ್ತಿಲಲ್ಲಿ ಶಂಕರಪುರ ಮಲ್ಲಿಗೆ ಹಾಕಿದ್ದೇವೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆ ನಾರಿನಲ್ಲಿ ಅವಳು ಹಾಕುವ ಗಂಟು ನೋಡಬೇಕು. ಗಾಯಕ್ಕೆ ಹೊಲಿಗೆ ಹಾಕಿದಷ್ಟೇ ಬಿಗಿ. ನಾನು ಕಟ್ಟಿದ್ದು ಹೂ ಕೊಳ್ಳುವವರ ಕಟ್ಟೆ ಮುಟ್ಟುವ ಮೊದಲೇ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಇಲ್ಲೂ ನನಗೆ ಸಾಗಾಟದ ಕೆಲಸವೇ.

2024ರ ಫೆಬ್ರವರಿಯಲ್ಲಿ ಹೀಗೆ ಹೂ ಕಟ್ಟುತ್ತಾ ಕೂತಿದ್ದಾಗ ಪೇಪರ್ ಓದಿ ಹೇಳಿದೆ. ಸೆಲಿನಾ ಜಾನ್ ಎಂಬ ಮಿಲಿಟರಿ ನರ್ಸ್ ಅಧಿಕಾರಿಯನ್ನು ಮದುವೆಯಾದ ಕಾರಣಕ್ಕೆ 1988ರಲ್ಲಿ ಕೆಲಸದಿಂದ ತೆಗೆದಿದ್ದರು. ಅದು ತಪ್ಪು, 60 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಮದುವೆಯಾದರೆ ನರ್ಸ್ ಮನೆಗೆ ಎಂಬ 1977ರ ಆ ನಿಯಮವನ್ನು ವಾಪಸ್ ಪಡೆದದ್ದು 1995ರಲ್ಲಿ. ನಮ್ಮ ಮದುವೆ 1996ರಲ್ಲಿ. ಸ್ವಲ್ಪ ಅವಸರ ಮಾಡಿದ್ದರೆ 92 ಬೇಸ್‌ನಲ್ಲಿ ಅವಳು ಇರುತ್ತಲೇ ಇರಲಿಲ್ಲ, ಅಲ್ವಾ? ಗಂಡಸಿಗೆ ಮಾತ್ರ ಅಂಥ ನಿಯಮ ಇರಲಿಲ್ಲ. ನನಗೆ ಮದುವೆಗೆ ರಜೆಯೂ ಸಿಕ್ಕಿತ್ತು. "36 ವರ್ಷ ಆಯ್ತಲ್ಲ ಮಾರಾಯ್ರೇ" ಎಂದಳು. ಆಮೇಲೆ ಸುಮಾರು ಹೊತ್ತು ಮಾತಿಲ್ಲ. ಅದು ಸಿಟ್ಟು ಎಂದು ನನಗೆ ಗೊತ್ತು.

ಕಳೆದ ಸಲ ಶಾಲೆಯಿಂದ ಫೋನು ಬಂದಾಗ, ಅವಳನ್ನು ಕರೆಯಿರಿ ಎಂದೆ. "ಮೇಡಂ ಯುದ್ಧದಲ್ಲಿ ಇದ್ರಾ ಸರ್?" ಎಂದು ಎರಡು ಸಲ ಕೇಳಿದರು. ಅವಳು ಭಾಷಣ ಮಾಡಲೇ ಇಲ್ಲ. ಪಿ.ಟಿ. ಮಾಸ್ಟರನ್ನು ಬೆಂಚಿನ ಮೇಲೆ ಮಲಗಿಸಿ, ರಕ್ತ ಸುರಿಯುವಾಗ ಎಲ್ಲಿ ಒತ್ತಬೇಕು, ಬ್ಯಾಂಡೇಜ್ ಹೇಗೆ ಸುತ್ತಬೇಕು ಎಂದು ತೋರಿಸಿದಳು. ಕೊನೆಗೆ ಮಾಸ್ಟರು ಎರಡೂ ಕೈ, ಒಂದು ಕಾಲಿಗೆ ಬಟ್ಟೆ ಸುತ್ತಿಕೊಂಡು ಎದ್ದರು. ಮಕ್ಕಳಿಗೆ ಸಾಕಾಗಲೇ ಇಲ್ಲ.

ಈ ವರ್ಷ ಎರಡು ಶಾಲೆಯವರು ಕರೆದಿದ್ದಾರೆ. ಎರಡೂ ಕಡೆ ಅವಳನ್ನೇ. ಕಾರು ನಾನು ಓಡಿಸಬೇಕಂತೆ.