ಬೂಷ್ಟು ಹಿಡಿದ ಮುಖ

ಮಡಿಕೇರಿಯಲ್ಲಿ ಹಳೆಯ ಎಲ್‌ಪಿಗಳನ್ನು, ಅಂದರೆ ಹಾಡಿನ ತಟ್ಟೆಗಳನ್ನು, ಕೂಡಿಡುವವನಿಗೆ ಹಾಡಿನಷ್ಟೇ ಪರಿಚಿತವಾದದ್ದು ಬೂಷ್ಟು. ವಿನೈಲ್ ತಟ್ಟೆಯನ್ನು ತೊಳೆದು ಒರೆಸಿದರೆ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ರಟ್ಟಿನ ಹೊದಿಕೆಯ ಪಾಡು ಹಾಗಲ್ಲ. ಗೋಡೆಯೇ ಬೆವರುವ ಜೂನ್, ಜುಲೈ ತಿಂಗಳುಗಳಲ್ಲಿ ಅದರ ಮೇಲೆ ಬೂದುಬಣ್ಣದ ಚುಕ್ಕೆಗಳು ಮೂಡುತ್ತವೆ, ಒರೆಸಿದ ಮೇಲೂ ಕಲೆ ಉಳಿಯುತ್ತದೆ. ಅದು ಸಾಲದೆಂಬಂತೆ, ಒಳಗಿನ ತಟ್ಟೆಯ ಅಂಚು ವರ್ಷಗಟ್ಟಲೆ ಒತ್ತಿ, ಹೊದಿಕೆಯ ಚಿತ್ರ ಬಳೆಯಾಕಾರದಲ್ಲಿ ಸವೆದು ಬೆಳ್ಳಗಾಗಿರುತ್ತದೆ.

ಸ್ಕ್ರೀನ್‌ಪ್ರಿಂಟ್‌ನಲ್ಲಿ, ಅಂದರೆ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯ ಮೂಲಕ ಬಣ್ಣ ಒತ್ತಿ ಮುದ್ರಿಸುವ ವಿಧಾನದಲ್ಲಿ, ನನ್ನ ಚಿತ್ರವನ್ನು ನಾನೇ ಮಾಡಿಕೊಳ್ಳಲು ಹೊರಟಾಗ ಮೊದಲು ಹೊಳೆದದ್ದು ತಟ್ಟೆಯ ಲೇಬಲ್ ಇರುವಲ್ಲಿ ಮುಖವನ್ನು ಕೂರಿಸುವುದು. ಕರಡು ಯಾವುದೋ ಕಾಫಿ ಅಂಗಡಿಯ ಗೋಡೆಯ ಅಲಂಕಾರದಂತೆ ಕಂಡಿತು. ಸಾಲದ್ದಕ್ಕೆ ನಡುವಿನ ತೂತು ಸರಿಯಾಗಿ ಮೂಗಿನ ಮೇಲೆ ಬಂದಿತ್ತು. ನಾನು ತಟ್ಟೆಗಳನ್ನು ಕೇಳುವುದಕ್ಕಿಂತ ಹೆಚ್ಚು ಹೊತ್ತು ಅವುಗಳ ಹೊದಿಕೆಗಳನ್ನು ತಿರುವಿ ನೋಡುತ್ತೇನೆ ಎಂಬುದನ್ನು, ಸ್ವಲ್ಪ ನಾಚಿಕೆಯಿಂದಲೇ, ಒಪ್ಪಿಕೊಂಡ ಮೇಲೆ ಚಿತ್ರ ಹೇಗಿರಬೇಕೆಂಬುದು ತಿಳಿಯಿತು: 12 ಇಂಚಿನ ತಟ್ಟೆಯ ಹೊದಿಕೆಯಷ್ಟೇ ಅಳತೆಯ ಕಾಗದ, ಅದರ ತುಂಬ ಮುಖ, ಮುಖದ ಮೇಲೆ ಆ ಸವೆತ ಮತ್ತು ಆ ಬೂಷ್ಟು.

ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ 1962ರಲ್ಲಿ ಛಾಯಾಚಿತ್ರಗಳನ್ನು ಸ್ಕ್ರೀನಿನ ಮೂಲಕ ಕ್ಯಾನ್ವಾಸಿಗೆ ಇಳಿಸತೊಡಗಿದ. ನಾನು ಆ ಕೆಲಸ ಕಲಿತದ್ದು ಲಗ್ನಪತ್ರಿಕೆ ಮುದ್ರಿಸುವವರ ಬಳಿ. ಬಣ್ಣವನ್ನು ಎಳೆದು ಒತ್ತುವ ರಬ್ಬರ್ ಪಟ್ಟಿಯಾದ ಸ್ಕ್ವೀಜಿಯನ್ನು ಎಷ್ಟು ಓರೆಯಾಗಿ ಹಿಡಿಯಬೇಕೆಂಬುದನ್ನು ಪುಸ್ತಕಕ್ಕಿಂತ ಅವರ ಮಣಿಕಟ್ಟನ್ನು ನೋಡಿ ಕಲಿಯುವುದೇ ಮೇಲು.

ಮುಖ, ಬೂಷ್ಟು, ಸವೆತ ಒಂದೊಂದಕ್ಕೂ ಒಂದರಂತೆ ಮೂರು ಸ್ಕ್ರೀನ್‌ಗಳು ಬೇಕಾದವು. ಮುಖವನ್ನು ಇಂಚಿಗೆ 45 ಸಾಲಿನ ಚುಕ್ಕೆಗಳಾಗಿ ಒಡೆದು, ಇಂಚಿಗೆ 230 ಎಳೆಯ ಮೆಶ್ಶಿನ (ಜಾಲರಿ ಬಟ್ಟೆಯ) ಮೂಲಕ ಕಾಫಿಬಣ್ಣದಲ್ಲಿ ಮುದ್ರಿಸುವುದು ಮೊದಲನೆಯದು. ಆದರೆ ಬೇಸಿಗೆಯಲ್ಲಿ ಮುಗಿಯಬೇಕಾಗಿದ್ದ ಕೆಲಸ ಜುಲೈಗೆ ಬಂದಿತ್ತು. ಮೆಶ್ಶಿಗೆ ಬಳಿದ ಎಮಲ್ಷನ್, ಅಂದರೆ ಚಿತ್ರದ ಅಚ್ಚು ಮೂಡಿಸುವ ಲೇಪ, ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಹಸಿಯಾಗಿಯೇ ಇತ್ತು. ಬೆಳಕಿಗೆ ಒಡ್ಡಿ ನೀರು ಹಾಯಿಸಿದಾಗ ನನ್ನ ಎಡಗೆನ್ನೆ ಲೋಳೆಯಾಗಿ ಜಾರಿ ಬಚ್ಚಲಿಗೆ ಹೋಯಿತು. ಬಟ್ಟೆಯ ಬೀರುವಿನೊಳಗೆ ಬಲ್ಬು ಉರಿಸಿಡುವ ನಮ್ಮ ಮಳೆಗಾಲದ ಉಪಾಯ ಇಲ್ಲಿ ನಡೆಯದು, ಏಕೆಂದರೆ ಎಮಲ್ಷನ್ ಗಟ್ಟಿಯಾಗುವುದೇ ಬೆಳಕಿನಿಂದ. ಕತ್ತಲೆ ಕೋಣೆಯಲ್ಲಿ ಹೀಟರ್ ಇಟ್ಟು, ಇಡೀ ರಾತ್ರಿ ಒಣಗಿಸಿದ ಮೇಲೆ ಕೆನ್ನೆ ನಿಂತಿತು.

ಎರಡನೆಯ ಸ್ಕ್ರೀನಿನ ಬೂಷ್ಟು ನನ್ನ ಕಲ್ಪನೆಯದಲ್ಲ. ತೀರಾ ಹಾಳಾಗಿದ್ದ ಹೊದಿಕೆಯೊಂದನ್ನು ಸ್ಕ್ಯಾನ್ ಮಾಡಿ, ಅದರ ಕಲೆಗಳನ್ನಷ್ಟೇ ಬೇರ್ಪಡಿಸಿ ಬಳಸಿದೆ. ಮೂರನೆಯದು ಬಿಳಿ ವೃತ್ತ. ಅದು ಹಣೆಯಿಂದ ಕಿವಿಯ ಪಕ್ಕವಾಗಿ ಗಲ್ಲದವರೆಗೆ ಇಳಿದು, ಕನ್ನಡಕದ ಒಂದು ಕಡ್ಡಿಯನ್ನು ಅಳಿಸಿಬಿಟ್ಟಿದೆ.

ಒಣಗಲು ತಂತಿಗೆ ಸಿಕ್ಕಿಸಿದ್ದ ಪ್ರತಿಗಳನ್ನು ನೋಡಿದ ಅಮ್ಮ, "ಇದನ್ನು ಒರೆಸಿ ಇಡಬಾರದಿತ್ತೇನೋ?" ಎಂದು ಸೆರಗಿನ ತುದಿಯನ್ನು ಹಿಡಿದುಕೊಂಡೇ ಹತ್ತಿರ ಬಂದರು.